ನೂಲುಹಕ್ಕಿ ಕೇಳಿಸದ ತಿಂಗಳು

ಏಪ್ರಿಲ್ ೨, ಮಂಗಳವಾರ

ಇವತ್ತೂ ಇಲ್ಲ.

ಡೈರಿ ಬರೆಯುವ ಚಟ ನನ್ನದಲ್ಲ. ಮಗ್ಗದ ಮೇಸ್ತ್ರಿಗೆ ಬರೆಯಲು ಏನಿರುತ್ತದೆ? ಆದರೆ ಈ ಹೆದರಿಕೆಯನ್ನು ಬಾಯಿಬಿಟ್ಟು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಮನೆಯವಳು ನಗುತ್ತಾಳೆ, ಕಾರ್ಖಾನೆಯವರು ಇನ್ನೂ ಜೋರಾಗಿ ನಗುತ್ತಾರೆ. ಒಂದು ಹಕ್ಕಿ ಕೂಗಲಿಲ್ಲವೆಂದು ಅರವತ್ತು ಸಮೀಪಿಸಿದ ಗಂಡಸು ಊಟ ಬಿಡುತ್ತಾನೆಯೇ? ಬಿಟ್ಟಿದ್ದೇನೆ. ಅದಕ್ಕೇ ಕಾರ್ಖಾನೆಯಲ್ಲಿ ಪುಕ್ಕಟೆ ಕೊಟ್ಟ ಈ ಡೈರಿಯನ್ನು ಪೆಟ್ಟಿಗೆಯಿಂದ ತೆಗೆದೆ.

ನೂಲುಹಕ್ಕಿ ಎಂದು ಅದಕ್ಕೆ ಹೆಸರಿಟ್ಟವರು ಶಾಲೆಯಲ್ಲಿ ನನಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು. ಚಿತ್ರ ನನ್ನ ಕೈಗೆ ಹತ್ತಲಿಲ್ಲ, ಹಕ್ಕಿಯ ಹುಚ್ಚು ಮಾತ್ರ ತಲೆಗೆ ಹತ್ತಿತು. ಕಾರ್ಖಾನೆಯ ಹಿಂಗೋಡೆಗೂ ರೈಲು ಹಳಿಗೂ ನಡುವಿನ ಜೌಗಿನಲ್ಲಿ, ಆಳೆತ್ತರದ ಜೊಂಡಿನೊಳಗೆ ಎಲ್ಲೋ ಕೂತು, ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುತ್ತಾ ಹೋಗುವ ಹಾಗೆ ಒಂದೇ ಎಳೆಯಲ್ಲಿ ಸಣ್ಣಗೆ ಹಾಡುತ್ತದೆ. ಹೊಸಬರು ಯಾವುದೋ ಜೀರುಂಡೆ ಎಂದುಕೊಂಡು ಮುಂದೆ ಹೋಗುತ್ತಾರೆ. ಇಷ್ಟು ವರ್ಷಗಳಲ್ಲಿ ಅದನ್ನು ನಾನು ಕಣ್ಣಿನಿಂದ ಒಮ್ಮೆಯೂ ಕಂಡಿಲ್ಲ. ಮೇಷ್ಟ್ರೂ ಕಾಣದೆಯೇ ತೀರಿಕೊಂಡರು. ತಾಳಿದವನು ಬಾಳಿಯಾನು ಎಂಬ ಗಾದೆಗೆ ಅವರು ತಮ್ಮದೊಂದು ಬಾಲ ಕಟ್ಟಿದ್ದರು: ಕೂತವನು ಕಂಡಾನು. ನಾನು ಕೂತದ್ದಂತೂ ಬೇಕಾದಷ್ಟಾಯಿತು.

ಈ ಜೌಗನ್ನು ಮುಚ್ಚಿ ಗೋದಾಮು ಕಟ್ಟುವವರು ತುದಿಗಾಲಲ್ಲಿ ನಿಂತಿದ್ದಾರೆ. ಅವರಿಗೆ ಅಡ್ಡವಾಗಿರುವುದು ಈ ಹಕ್ಕಿಯೊಂದೇ. ಅದು ಮರಿ ಮಾಡುವ ಜಾಗಕ್ಕೆ ಮಣ್ಣು ಸುರಿಯುವಂತಿಲ್ಲ ಎಂದು ಕಾಯಿದೆ ಇದೆ. ಆದರೆ ಏಪ್ರಿಲ್ ಮುಗಿಯುವುದರೊಳಗೆ ಅದರ ದನಿಯನ್ನು ಬಲ್ಲವರೊಬ್ಬರು ಕೇಳಿ, ಬಂದಿದೆ ಎಂದು ಅರಣ್ಯ ಇಲಾಖೆಗೆ ಹೇಳಬೇಕು. ಈ ಊರಿನಲ್ಲಿ ಇಲಾಖೆ ನಂಬುವ ಕಿವಿ ನನ್ನದು.

ನನ್ನ ಕಿವಿಗೆ ಬೀಳದ್ದನ್ನು ನಾನು ಎಂದೂ ಹೇಳಿದವನಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವಾಗ ಅಂತೆಕಂತೆಗೆ ಏನು ಬೆಲೆ? ಹೋದ ವರ್ಷ ಹಳಿಯಾಚೆಯ ಸಣ್ಣ ಹೊಂಡದಲ್ಲಿ ಕೇಳಲಿಲ್ಲ, ಇಲ್ಲ ಎಂದೇ ಹೇಳಿದೆ. ಸಂಕಟವಾಯಿತು, ಆದರೆ ಹೇಳಿದೆ. ಈಗ ಆ ಜಾಗದಲ್ಲಿ ಲಾರಿಗಳು ನಿಲ್ಲುತ್ತವೆ.

ಇಲ್ಲೂ ಹಾಗಾದರೆ?

ಏಪ್ರಿಲ್ ೫, ಶುಕ್ರವಾರ

ಬೆಳಿಗ್ಗೆ ಇಲ್ಲ. ಸಂಜೆಯೂ ಇಲ್ಲ.

ಏಳನೇ ಮಗ್ಗದ ಬೇರಿಂಗ್ ಸುಟ್ಟು ಹೋಯಿತು. ನಮ್ಮ ಶೆಡ್ಡಿನಲ್ಲಿ ಮಗ್ಗಗಳು ಓಡುವಾಗ ಪಕ್ಕದವನ ಮಾತು ಪಕ್ಕದವನಿಗೆ ಕೇಳುವುದಿಲ್ಲ. ನಾವೆಲ್ಲ ತುಟಿ ನೋಡಿ ಮಾತಾಡುವವರು. ಬೈಗುಳವನ್ನಂತೂ ಶೆಡ್ಡಿನ ಆ ತುದಿಯಿಂದಲೇ ಓದಿಬಿಡುತ್ತೇವೆ. ಆದರೆ ಅಷ್ಟು ಗದ್ದಲದಲ್ಲೂ ಒಣಗಿದ ಬೇರಿಂಗಿನ ಕೀರಲು ದನಿಯನ್ನು ಬೇರೆ ಮಾಡಿ ಹಿಡಿಯುವುದು ನನಗೆ ಸಿದ್ಧಿಸಿದ ವಿದ್ಯೆ. ಮೇಸ್ತ್ರಿ ಆದದ್ದೇ ಅದರಿಂದ. ಈ ಸಲ ಹಿಡಿಯಲಿಲ್ಲ. ಹೊಗೆ ಬಂದ ಮೇಲೆಯೇ ನೋಡಿದ್ದು.

ಮಗ್ಗದ ಹೆಂಗಸು ತುಟಿಯಲ್ಲಿ ಹೇಳಿದಳು: "ಬೆಳಿಗ್ಗೆಯಿಂದ ಕಿರುಚ್ತಾ ಇತ್ತು ಮೇಸ್ತ್ರಿಗಳೇ. ನೀವು ಪಕ್ಕದಲ್ಲೇ ನಿಂತಿದ್ರಲ್ಲ."

ಹೊಸ ಎಣ್ಣೆಯ ದೋಷವಿರಬೇಕು. ಸದ್ದೇ ಮಾಡದೆ ಸುಡುತ್ತದೆ. ಮ್ಯಾನೇಜರ್ ಕಾಗದವನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಏನೋ ಗೊಣಗಿದರು. ಅರ್ಥವಾಗಲಿಲ್ಲ, ತಲೆಯಾಡಿಸಿದೆ. ಇತ್ತೀಚೆಗೆ ಬಾಯಿ ಬಿಟ್ಟು ಮಾತಾಡುವವರೇ ಕಡಿಮೆಯಾಗಿದ್ದಾರೆ.

ಮನೆಯಲ್ಲೂ ಅದೇ ಗೋಳು. ಮನೆಯವಳು ಅಂಗಿಗಳಿಗೆ ಕಾಲರ್ ಹೊಲಿಯುತ್ತಾಳೆ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಬೆನ್ನು ಮಾಡಿ ಕೂತು ಮಾತಾಡುತ್ತಾಳೆ. ಏನು ಎಂದರೆ "ಏನಿಲ್ಲ ಬಿಡಿ" ಎನ್ನುತ್ತಾಳೆ. ಇವತ್ತು ನಾನು ಫ್ರಿಜ್ಜಿನ ಬಾಗಿಲನ್ನು ಸರಿಯಾಗಿ ಹಾಕಲಿಲ್ಲವಂತೆ, ಅದರ ಗಂಟೆ ಕೀಂಕೀಂ ಎಂದು ಬಡಿದುಕೊಳ್ಳುತ್ತಾ ಇತ್ತಂತೆ, ನಾನು ಎದುರಿಗೇ ಕೂತು ಪೇಪರ್ ಓದುತ್ತಿದ್ದೆನಂತೆ. ಹಾಲು ಒಡೆದಿತ್ತು. ಫ್ರಿಜ್ಜಿನ ಗಂಟೆ ಕೆಟ್ಟಿದೆ, ರಿಪೇರಿಯವನನ್ನು ಕರೆಸು ಎಂದೆ. ನನ್ನನ್ನೇ ದುರುಗುಟ್ಟಿ ನೋಡಿದಳು.

ಏಪ್ರಿಲ್ ೮, ಸೋಮವಾರ

ಇವತ್ತು ನಿಜವಾಗಿ ಹೆದರಿದೆ.

ಕತ್ತಲೆ ಹರಿಯುವ ಹೊತ್ತಿಗೆ ಜೌಗಿನ ದಿಬ್ಬದ ಮೇಲೆ ಕೂತಿದ್ದೆ. ಕಪ್ಪೆಗಳು ವಟಗುಟ್ಟುತ್ತಿದ್ದವು. ಹಳಿಯ ಮೇಲೆ ಗೂಡ್ಸ್ ಗಾಡಿ ಹೋಯಿತು. ಅದು ಹೋದ ಮೇಲೆ ಏನೋ ಒಂದು ಇಲ್ಲ ಎನ್ನಿಸಿತು. ಏನು ಎಂದು ಬಹಳ ಹೊತ್ತು ತಿಳಿಯಲಿಲ್ಲ. ಮನೆಯ ಯಾವುದೋ ಸಾಮಾನು ಕಳುವಾಗಿದೆ, ಯಾವುದೆಂದು ನೆನಪಾಗುತ್ತಿಲ್ಲ ಎಂಬಂತೆ ಸುತ್ತ ನೋಡಿದೆ. ಆಮೇಲೆ ಹೊಳೆಯಿತು. ಜೀರುಂಡೆ ಇಲ್ಲ. ಒಂದೂ ಇಲ್ಲ. ಹುಲ್ಲಿನಲ್ಲಿ ಯಾವ ಕಾಲದಿಂದಲೂ ಇರುತ್ತಿದ್ದ ಆ ಜಿರ್ರೆನ್ನುವ ಸದ್ದೇ ಇಲ್ಲ.

ಹಕ್ಕಿ ಮಾತ್ರವಲ್ಲ, ಹಕ್ಕಿ ತಿನ್ನುವ ಹುಳವೂ ಸತ್ತಿದೆ. ಹಾಗಾದರೆ ಇದು ವಿಷ. ಕಪ್ಪೆಯಂಥ ಗಟ್ಟಿಜೀವ ಉಳಿದು ಸಣ್ಣವೆಲ್ಲ ಹೋಗಿವೆ. ನಾಳೆ ಕಪ್ಪೆ. ನಾಡಿದ್ದು ಯಾರು?

ಮನೆಗೆ ಬಂದು ನಲ್ಲಿಯ ನೀರನ್ನು ಕಾಯಿಸದೆ ಕುಡಿಯಬೇಡ ಎಂದೆ. ಯಾಕೆ ಎಂದಳು. ಹೇಳಿದ್ದಷ್ಟು ಮಾಡು ಎಂದು ರೇಗಿದೆ.

ಏಪ್ರಿಲ್ ೧೧

ಇಲ್ಲ.

ಏಪ್ರಿಲ್ ೧೩, ಶನಿವಾರ

ಮರ್ಯಾದೆ ಹೋಯಿತು. ಜೌಗಿನ ಮೇಲ್ಗಡೆ ಇರುವ ಬಣ್ಣದ ಕಾರ್ಖಾನೆಗೆ ಹೋಗಿ, ನೀವು ವಿಷ ಬಿಡುತ್ತಿದ್ದೀರಿ ಎಂದು ಅಲ್ಲಿಯ ಮೇಲ್ವಿಚಾರಕನ ಮೇಲೆ ಕೂಗಾಡಿಬಿಟ್ಟೆ. ಆತ ನಿಧಾನದ ಮನುಷ್ಯ. ಮಾತಿಲ್ಲದೆ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ನೀರು ಹೊರಗೆ ಬೀಳುವ ತೊಟ್ಟಿ ತೋರಿಸಿದ. ಅದರಲ್ಲಿ ಮೀನು ಸಾಕಿದ್ದಾರೆ. ಬೆರಳು ಅದ್ದಿದರೆ ಕಚ್ಚಲು ಬರುವಷ್ಟು ಚುರುಕಾದ ಮೀನು. ತೊಟ್ಟಿಯ ಪಕ್ಕದ ಹುಲ್ಲನ್ನು ತೋರಿಸಿ, ಜೀರುಂಡೆ ಬೇಕಾದರೆ ಹಿಡಿದುಕೊಂಡು ಹೋಗಿ, ಇವುಗಳ ಗಲಾಟೆಗೆ ತಲೆ ಚಿಟ್ಟು ಹಿಡಿದಿದೆ ಎಂದ.

ಲೇವಡಿ ಮಾಡಿದ ಎಂದುಕೊಂಡು ಹೊರಟು ಬಂದೆ. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ನೀವು ಒಳ್ಳೆಯ ನೀರು ತುಂಬಿಸಿಟ್ಟು ನನಗೆ ತೋರಿಸಿದಿರಿ ಎಂದು ಗೇಟಿನಲ್ಲಿ ಹೇಳಿಯೇ ಬಂದೆ.

ವಿಷವಾಗಿದ್ದರೆ ಒಳ್ಳೆಯದಿತ್ತು. ವಿಷವನ್ನು ನಿಲ್ಲಿಸಬಹುದು. ವಿಷವಲ್ಲದಿದ್ದರೆ ಇದು ಏನು?

ಏಪ್ರಿಲ್ ೧೬, ಮಂಗಳವಾರ

ಇಲಾಖೆಯ ಹುಡುಗಿ ಬಂದಿದ್ದಳು. ಹುಡುಗಿ ಎನ್ನುವುದು ನನ್ನ ಬಾಯಿಯ ಚಾಳಿ, ಅವಳು ಅಧಿಕಾರಿ. ಏಳೆಂಟು ಊರಿನ ಜೌಗುಗಳೆಲ್ಲ ಅವಳ ಸುಪರ್ದಿಗೆ. ನೂಲುಹಕ್ಕಿಯ ದನಿಯನ್ನು ಅವಳು ಇನ್ನೂ ಕೇಳಿಲ್ಲ, ಅದಕ್ಕೇ ನನ್ನ ಮೇಲೆ ಭಾರ. ಮೊನ್ನೆ ಒಂದು ಸಣ್ಣ ರೆಕಾರ್ಡಿಂಗ್ ಯಂತ್ರ ಕೊಟ್ಟು, ಜೊಂಡಿನಲ್ಲಿ ಕಟ್ಟಿಡಿ, ನೀವು ಇಲ್ಲದ ಹೊತ್ತಿನಲ್ಲೂ ಅದು ಕೇಳಿಸಿಕೊಳ್ಳುತ್ತದೆ ಎಂದಿದ್ದಳು. ಕಟ್ಟಿಟ್ಟೆ. ನಿನ್ನೆ ತಂದು ಊಟದ ಮೇಜಿನ ಮೇಲಿಟ್ಟುಕೊಂಡು ಪೂರ್ತಿ ಕೇಳಿದೆ. ಜೊಂಡು ಸರಸರ ಎನ್ನುತ್ತದೆ. ಕಪ್ಪೆ. ರೈಲು. ಮತ್ತೆ ಜೊಂಡು. ಅದರ ಹೊರತು ಹುಡುಕಿದರೂ ಏನಿಲ್ಲ.

ಕೇಳುತ್ತಿರುವಾಗ ಮನೆಯವಳು ಹೊಲಿಗೆ ನಿಲ್ಲಿಸಿ ತಿರುಗಿದಳು. "ಏನ್ರೀ ಅದು, ಹಲ್ಲು ಜುಂ ಅನ್ನುತ್ತೆ. ಆರಿಸ್ರೀ" ಎಂದಳು. ಯಂತ್ರ ಓಡುವ ಸದ್ದು, ಸಹಿಸಿಕೋ ಎಂದೆ. ಅವಳಿಗೆ ಎಲ್ಲಕ್ಕೂ ಹಲ್ಲು ಜುಂ ಎನ್ನುತ್ತದೆ. ಇದಕ್ಕೇ ನಾನು ಇವಳನ್ನು ಜೌಗಿಗೆ ಒಂದು ದಿನವೂ ಕರೆದುಕೊಂಡು ಹೋದವನಲ್ಲ. ಹಕ್ಕಿ ಬರುವುದಕ್ಕೆ ಮುಂಚೆ ಇವಳ ಮಾತು ಬರುತ್ತದೆ.

ಅಧಿಕಾರಿಗೆ ಏನೂ ಇಲ್ಲ ಎಂದೆ. ಯಂತ್ರ ಇನ್ನೊಂದೂರಿಗೆ ಬೇಕಾಗಿದೆ, ಖಾಲಿ ಮಾಡಿ ಕೊಡಿ ಎಂದಳು. ಅವಳ ಎದುರಿಗೇ ಎಲ್ಲ ಅಳಿಸಿ ಕೊಟ್ಟೆ. ಒಂದು ಸಲ ನಾನೂ ಕೇಳುತ್ತೇನೆ ಎಂದು ಅವಳು ಹೇಳಲಿಲ್ಲ. ನಾನು ಇಲ್ಲ ಎಂದರೆ ಇಲ್ಲ. ಅಷ್ಟು ನಂಬಿಕೆ. ಹೆಮ್ಮೆಪಡಬೇಕಿತ್ತು, ಯಾಕೋ ಆಗಲಿಲ್ಲ.

ಏಪ್ರಿಲ್ ೧೯, ಶುಕ್ರವಾರ

ಜೌಗಿನ ಅಂಚಿಗೆ ಮಣ್ಣು ಬಂದು ಬಿದ್ದಿದೆ. ಕೆಂಪು ಮಣ್ಣಿನ ಎರಡು ಗುಡ್ಡೆ. ಇನ್ನೂ ಅಪ್ಪಣೆ ಸಿಕ್ಕಿಲ್ಲ, ಸುಮ್ಮನೆ ತಂದಿಟ್ಟಿದ್ದೇವೆ ಎನ್ನುತ್ತಾನೆ ಕಾವಲುಗಾರ. ಕೂಸು ಹುಟ್ಟುವ ಮೊದಲೇ ಕುಲಾವಿ. ಆದರೆ ಇಲ್ಲಿ ಕೂಸು ಹುಟ್ಟುವುದಿಲ್ಲ, ಸಾಯುತ್ತದೆ.

ನಿದ್ದೆಯಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಿಟಕಿ ಕಡೆಗೆ ಕಿವಿ ಕೊಡುತ್ತೇನೆ. ಹಿತ್ತಲಿನ ಪುಟ್ಟ ಹಕ್ಕಿಗಳೂ ಈಚೆಗೆ ಕೂಗುತ್ತಿಲ್ಲ. ಕಾಗೆ ಇದೆ, ಪಾರಿವಾಳ ಇದೆ. ಸಣ್ಣ ಬಾಯಿಯವೆಲ್ಲ ಒಂದೊಂದಾಗಿ ಜಗತ್ತು ಬಿಟ್ಟು ಹೋಗುತ್ತಿವೆ, ಯಾರಿಗೂ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತು. ಹೀಗೆ ಯೋಚಿಸಿದರೆ ಹುಚ್ಚು ಹಿಡಿಯುತ್ತದೆ ಎಂದು ಗೊತ್ತಿದ್ದೂ ಯೋಚಿಸುತ್ತೇನೆ.

ಏಪ್ರಿಲ್ ೨೧, ಭಾನುವಾರ

ಬರೆದುಬಿಡುತ್ತೇನೆ. ಬರೆಯದಿದ್ದರೆ ನಾಳೆ ಇದು ನಡೆಯಲೇ ಇಲ್ಲ ಎಂದು ನನ್ನನ್ನೇ ನಂಬಿಸಿಬಿಡುತ್ತೇನೆ.

ಮಧ್ಯಾಹ್ನ ಅಧಿಕಾರಿ ಮನೆಗೆ ಬಂದಳು. ಮುಖದಲ್ಲಿ ಸಂತೋಷ. ಮೇಷ್ಟ್ರು ಎಂದೋ ಟೇಪಿನಲ್ಲಿ ಹಿಡಿದಿಟ್ಟಿದ್ದ ನೂಲುಹಕ್ಕಿಯ ದನಿ ಇಲಾಖೆಯ ಬೀರುವಿನಲ್ಲಿ ಸಿಕ್ಕಿದೆಯಂತೆ, ಅದನ್ನು ಫೋನಿಗೆ ಹಾಕಿಸಿಕೊಂಡು ಬಂದಿದ್ದಳು. ನಿಮ್ಮಿಂದ ಒಮ್ಮೆ ಖಾತ್ರಿ ಮಾಡಿಸಿಕೊಂಡರೆ ನಾನೂ ಕಲಿಯುತ್ತೇನೆ ಎಂದು ಫೋನನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು.

ಟೇಪಿನ ಹಳೆಯ ಗೊರಗೊರ ಕೇಳಿಸಿತು. ಒಮ್ಮೆ ಮೇಷ್ಟ್ರ ಕೆಮ್ಮು ಕೇಳಿಸಿತು. ಕಣ್ಣು ತುಂಬಿ ಬಂತು. ಆಮೇಲೆ ಬರೀ ಗೊರಗೊರ. ಹಕ್ಕಿ ಇನ್ನೂ ಶುರುವಾಗಿಲ್ಲ ಎಂದು ಕಾದೆ. ತಲೆ ಎತ್ತಿದರೆ ಮನೆಯವಳು ಹೊಲಿಗೆ ಯಂತ್ರದ ಮೇಲಿನಿಂದ ಕಾಲು ತೆಗೆದು, ಫೋನಿನ ಕಡೆ ತಿರುಗಿ, ಕತ್ತು ಓರೆ ಮಾಡಿ ಕೂತಿದ್ದಳು. ಅಧಿಕಾರಿ ನನ್ನನ್ನೇ ನೋಡುತ್ತಾ ನಗುತ್ತಿದ್ದಳು. ಅವಳ ತುಟಿ ಕೇಳಿತು: "ಇದೇ ಅಲ್ವಾ ಸರ್?"

ಹೌದು, ಇದೇ ಎಂದೆ.

ಅವಳು ಹೋದ ಮೇಲೆ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಮನೆಯವಳು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಯ ಪುಟ್ಟ ದಿಂಬಿಗೆ ಚುಚ್ಚಿದಳು. ಎದ್ದು ಬಂದು ನನ್ನ ಮುಖದ ಎದುರಿಗೇ ನಿಂತಳು.

"ಅವತ್ತು ನಿಮ್ಮ ಯಂತ್ರದಲ್ಲೂ ಇದೇ ಸದ್ದು ರೀ. ಹಲ್ಲು ಜುಂ ಅಂತು ಅಂದ್ನಲ್ಲ, ಇದೇ."

"ಈಗ ಫೋನಲ್ಲಿ ಸದ್ದು ಬಂತಾ?" ಎಂದು ಕೇಳಿದೆ.

"ಬಂತಾ ಅಂದ್ರೆ? ನೀವೇ ಹೌದು ಅಂದ್ರಲ್ಲ."

ಅವಳು ನನ್ನನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ತಿಳಿಯಿತು. ಬೇರಿಂಗು, ಫ್ರಿಜ್ಜು, ಜೀರುಂಡೆ ಎಲ್ಲ ಸಾಲಾಗಿ ನನಗೂ ತಿಳಿದವು. ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗೆ ಎಂದು ಇವಳು ವರ್ಷಗಳಿಂದ ನನ್ನನ್ನು ಬೈಯುತ್ತಿದ್ದಳು. ಇವತ್ತು ಬೈಯಲಿಲ್ಲ.

ಏಪ್ರಿಲ್ ೨೨, ಸೋಮವಾರ

ಹಕ್ಕಿ ಅಲ್ಲಿತ್ತು. ಯಂತ್ರದಲ್ಲಿ ಇತ್ತು. ಅಳಿಸಿದ್ದು ನಾನೇ.

ಹಳಿಯಾಚೆಯ ಹೊಂಡದಲ್ಲೂ ಇತ್ತೋ ಏನೋ. ಅಲ್ಲಿ ಲಾರಿಗಳು ನಿಲ್ಲುತ್ತವೆ.

ಏಪ್ರಿಲ್ ೨೪, ಬುಧವಾರ

ಎರಡು ದಿನ ಕಾರ್ಖಾನೆಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರ ಇಲ್ಲ, ಭಯ ಇದೆ. ಬೆಳಗಿನಿಂದ ಮನೆಯಲ್ಲಿ ಕೂತು ಏನೇನು ಕೇಳುತ್ತದೆ ಎಂದು ಪರೀಕ್ಷೆ ಮಾಡಿಕೊಳ್ಳುತ್ತೇನೆ. ನಲ್ಲಿಯ ನೀರು ಕೇಳುತ್ತದೆ. ಬಾಗಿಲು ಕೇಳುತ್ತದೆ. ಗಡಿಯಾರ ಇಲ್ಲ. ಇವಳ ಬಳೆ ಇಲ್ಲ. ಬಳೆಯ ಸದ್ದು ಯಾವಾಗ ಹೋಯಿತು? ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಇವಳ ದನಿಯೂ ಹಾಗೇ ಒಂದು ದಿನ ಹೇಳದೆ ಕೇಳದೆ ಹೋಗಿಬಿಟ್ಟರೆ?

ಅದನ್ನು ಇವಳಿಗೆ ಹೇಳಲಿಲ್ಲ. ಜೌಗಿನ ವಿಷಯ ಮಾತ್ರ ಹೇಳಿದೆ, ಎಲ್ಲ ಹೇಳಿದೆ. ಅವಳಿಗೆ ಇದರಲ್ಲಿ ಕಗ್ಗಂಟೇನೂ ಕಾಣಲಿಲ್ಲ.

"ಹಕ್ಕಿ ಇದೆ ಅಂತ ಗೊತ್ತಾಯ್ತಲ್ಲ. ಕೇಳಿದೆ ಅಂತ ಬರೆದು ಕೈ ತೊಳ್ಕೊಳ್ಳಿ."

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಜೌಗೂ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಪೆನ್ನು ಕೈಗೆ ತೆಗೆದುಕೊಂಡದ್ದೂ ನಿಜ. ಆದರೆ ಮುಂದಿನ ವರ್ಷ? ಬೇರೆ ಯಾವುದೋ ಜೌಗಿನ ದಿಬ್ಬದ ಮೇಲೆ ಈ ಸತ್ತ ಕಿವಿಗಳನ್ನು ಹೊತ್ತು ಕೂತು, ಇದೆ ಅಥವಾ ಇಲ್ಲ ಎಂದು ಏನನ್ನು ನೋಡಿ ಹೇಳಲಿ? ಇನ್ನೂ ಒಂದು ಮಾತಿದೆ. ಯಂತ್ರ ಕೇಳಿಸಿಕೊಂಡು ಎಷ್ಟೋ ದಿನವಾಯಿತು. ಮಣ್ಣಿನ ಲಾರಿಗಳಿಗೆ ಬೆದರಿ ಈಗ ಹೋಗಿದ್ದರೆ?

"ಹಾಗಿದ್ರೆ ನನ್ನನ್ನ ಕರ್ಕೊಂಡ್ಹೋಗಿ" ಎಂದಳು.

ಏಪ್ರಿಲ್ ೨೫, ಗುರುವಾರ

ಹೋದೆವು. ಬಾಯಿ ಬಿಡಬೇಡ, ಅಲುಗಾಡಬೇಡ, ಹಕ್ಕಿ ಹಾಡಿದರೆ ನನ್ನ ಮಣಿಕಟ್ಟನ್ನು ಒತ್ತು, ನಿಂತರೆ ಬಿಡು, ಇಷ್ಟೇ ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟೆ. ಒಂದು ಸಲ ಹೇಳಿದ್ರೆ ಸಾಕು, ನನ್ನ ಕಿವಿ ನೆಟ್ಟಗಿದೆ ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನನಗೆ ನಗು ಬಂತು, ಯಾಕೆ ಬಂತೋ.

ಅವಳು ಕಲ್ಲಿನ ಹಾಗೆ ಕೂತಳು. ಎರಡು ಹೊತ್ತೂ ಮಣಿಕಟ್ಟು ಚಾಚಿಕೊಂಡು ಕೂತಿದ್ದೆ. ಒತ್ತಲಿಲ್ಲ. ಈ ಸಲ ಇಲ್ಲ ಎಂದರೆ ನಿಜವಾಗಿಯೂ ಇಲ್ಲ. ಮೊದಲಿನ ಹೆದರಿಕೆಗಿಂತ ಇದು ಕೆಟ್ಟದ್ದು.

ಬರುವಾಗ ಹುಲ್ಲಿನ ಬಳಿ ನಿಂತು, ಜೀರುಂಡೆ ಬೇಕಾದಷ್ಟಿವೆ, ನೀರು ಕಾಯಿಸೋದು ಇನ್ನು ಬಿಡಲಾ ಎಂದು ಕೇಳಿದಳು.

ಏಪ್ರಿಲ್ ೨೭, ಶನಿವಾರ

ಒತ್ತಿದಳು.

ಬೆಳಕು ಇನ್ನೂ ಬೂದಿಬಣ್ಣವಾಗಿತ್ತು. ಮೊದಲು ಬೆರಳು ಸುಮ್ಮನೆ ತಾಗಿತು, ಆಮೇಲೆ ಗಟ್ಟಿಯಾಯಿತು. ಉಗುರು ಚುಚ್ಚುವಷ್ಟು ಗಟ್ಟಿ. ನಾನು ಅವಳ ಮುಖ ನೋಡಿದೆ. ಕಣ್ಣುಗಳು ಅಗಲವಾಗಿದ್ದವು. ಬೆರಳು ಒತ್ತಿಯೇ ಇತ್ತು. ಮೇಷ್ಟ್ರು ಹೇಳುತ್ತಿದ್ದರು, ಇದರ ಎಳೆ ತುಂಡಾಗುವುದೇ ಇಲ್ಲ, ನಮ್ಮ ಉಸಿರು ಮುಗಿದರೂ ಅದರದ್ದು ಮುಗಿಯುವುದಿಲ್ಲ ಎಂದು. ಆಮೇಲೆ ಬೆರಳು ಸಡಿಲವಾಯಿತು. ಮತ್ತೆ ಒತ್ತಿತು.

ನಾನು ಅತ್ತೆ. ಸದ್ದು ಮಾಡದೆ ಅತ್ತೆ ಎಂದುಕೊಂಡಿದ್ದೆ, ಅವಳು ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು.

ಮನೆಗೆ ಬಂದು ಅಧಿಕಾರಿಗೆ ಫೋನ್ ಮಾಡಿಸಿದೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಅವಳು ಹೇಳಿದ್ದನ್ನು ಮನೆಯವಳು ತುಟಿಯಲ್ಲಿ ನನಗೆ ದಾಟಿಸಿದಳು. ನಾನು ಹೇಳಬೇಕಾದ್ದನ್ನು ನಾನೇ ಹೇಳಿದೆ.

"ನನ್ನ ಕಿವಿ ಹೋಗಿದೆ ತಾಯಿ. ನಿಮ್ಮ ಫೋನಿನ ದನಿ ನನಗೆ ಕೇಳಲಿಲ್ಲ, ಸುಳ್ಳು ಹೇಳಿದೆ. ಹಕ್ಕಿ ಇದೆ. ಕೇಳಿದ್ದು ನನ್ನ ಹೆಂಡತಿ. ಹೋದ ವರ್ಷ ಆ ಹೊಂಡದ ವಿಷಯ ನಾನು ಹೇಳಿದ್ದನ್ನೂ ನಂಬಬೇಡಿ."

ಮನೆಯವಳು ಫೋನ್ ಹಿಡಿದು ನಿಂತಳು, ತುಟಿ ಅಲುಗಲಿಲ್ಲ. ಏನಂದಳು ಎಂದೆ. ಏನೂ ಅನ್ನುತ್ತಿಲ್ಲ ಎಂದು ತಲೆಯಾಡಿಸಿದಳು. ಎಷ್ಟೋ ಹೊತ್ತಿನ ಮೇಲೆ ಉತ್ತರ ಬಂತು. ಹೆಂಡತಿ ಕೇಳಿದ್ದನ್ನು ಇಲಾಖೆ ಒಪ್ಪುವುದಿಲ್ಲ. ಅಧಿಕಾರಿ ತಾನೇ ಬಂದು ಕೇಳಬೇಕು, ಮೇಷ್ಟ್ರ ಟೇಪಿಗೆ ಹೋಲಿಸಿ ನೋಡಬೇಕು. ಅವಳಿಗೆ ಬಿಡುವಿರುವುದು ಮೂವತ್ತರ ಬೆಳಿಗ್ಗೆ. ಅಂದೇ ಕೊನೆಯ ದಿನ.

ಏಪ್ರಿಲ್ ೨೯, ಸೋಮವಾರ

ಗಾಳಿ. ಜೊಂಡೆಲ್ಲ ನೆಲಕ್ಕೆ ಬಾಗುತ್ತಿದೆ. ಇಂಥ ಗಾಳಿಯಲ್ಲಿ ಹಾಡುವುದಿಲ್ಲ. ಮಣ್ಣಿನ ಗುಡ್ಡೆಗಳು ಈಗ ಎಷ್ಟೋ ಆಗಿವೆ. ಬುಲ್ಡೋಜರ್ ಒಂದು ಬಂದು ನಿಂತಿದೆ.

ಮ್ಯಾನೇಜರ್‌ಗೂ ಹೇಳಿದೆ. ಇನ್ನು ಬೇರಿಂಗಿಗೆ ಕಿವಿ ಕೊಡುವ ಕೆಲಸ ಏಳನೇ ಮಗ್ಗದ ಹೆಂಗಸಿಗೆ ಕೊಡಿ ಎಂದೆ. ಮೊದಲೇ ಕೊಟ್ಟಾಗಿದೆ, ಬೇರಿಂಗ್ ಸುಟ್ಟ ದಿನವೇ ನಿಮಗೆ ಹೇಳಿದ್ದೆನಲ್ಲ, ತಲೆಯಾಡಿಸಿದಿರಿ ಎಂದರು.

ಮನೆಯವಳು ನಾಳೆ ಉಡುವ ಬಟ್ಟೆಯನ್ನು ಆರಿಸುತ್ತಿದ್ದಾಳೆ. ಸರಸರ ಎನ್ನದ ಬಟ್ಟೆ ಬೇಕಂತೆ.

ಏಪ್ರಿಲ್ ೩೦, ಮಂಗಳವಾರ

ಮೂವರೂ ದಿಬ್ಬದ ಮೇಲೆ ಕೂತೆವು. ನನ್ನ ಒಂದು ಕಡೆ ಇವಳು, ಇನ್ನೊಂದು ಕಡೆ ಅಧಿಕಾರಿ. ಗಾಳಿ ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ. ಬೆಳಕಾಯಿತು. ಬಿಸಿಲು ಬಂತು. ಅದು ಹಾಡುವ ಹೊತ್ತು ಮೀರಿತು. ಬುಲ್ಡೋಜರಿನವನು ಬಂದು ಗಾಡಿಯ ಕೆಳಗೆ ಎಣ್ಣೆ ನೋಡಿದ, ಎಂಜಿನ್ ಚಾಲು ಮಾಡಿದ. ಅದು ನನಗೆ ಚೆನ್ನಾಗಿ ಕೇಳಿಸಿತು. ಅಂಥವೆಲ್ಲ ನನಗೆ ಚೆನ್ನಾಗಿಯೇ ಕೇಳಿಸುತ್ತವೆ. ಅಧಿಕಾರಿ ಎದ್ದು ಹೋಗಿ ಅವನಿಗೆ ಏನೋ ಹೇಳಿ ಆರಿಸಿ ಬಂದಳು. ಬಂದವಳು ಕೂರಲಿಲ್ಲ, ನಿಂತೇ ಇದ್ದಳು. ಹೊರಡುವವರ ನಿಲುವು ನನಗೆ ಗೊತ್ತು.

ಇನ್ನೂ ಸ್ವಲ್ಪ ಹೊತ್ತು ಕೂತುಕೊಳ್ಳಿ ಎಂದೆ. ಯಾವ ಮುಖ ಇಟ್ಟುಕೊಂಡು ಹೇಳಿದೆನೋ. ಅವಳು ಕೂತಳು.

ಎಲ್ಲ ಮುಗಿಯಿತು, ಈ ಜೌಗನ್ನೂ ನಾನೇ ಮುಚ್ಚಿಸಿದೆ ಎಂದು ನಾನು ಮನಸ್ಸಿನಲ್ಲೇ ಒಪ್ಪಿಕೊಳ್ಳುತ್ತಿದ್ದಾಗ ಮಣಿಕಟ್ಟಿನ ಮೇಲೆ ಬೆರಳು ಬಂತು.

ಒತ್ತಿತು. ಅಧಿಕಾರಿಯ ಕಡೆ ತಿರುಗಿದೆ. ಅವಳು ಉಸಿರು ಹಿಡಿದು, ಕತ್ತು ಓರೆ ಮಾಡಿದ್ದಳು. ನಾನೂ ಹಿಂದೆ ಹೀಗೇ ಕತ್ತು ಓರೆ ಮಾಡುತ್ತಿದ್ದೆನೇನೋ. ಫೋನನ್ನು ಒಂದು ಕಿವಿಗಿಟ್ಟುಕೊಂಡು ಮೇಷ್ಟ್ರ ಟೇಪನ್ನು ಸಣ್ಣದಾಗಿ ಕೇಳಿದಳು, ತೆಗೆದಳು, ಮತ್ತೆ ಜೊಂಡಿಗೆ ಕಿವಿ ಕೊಟ್ಟಳು. ತಲೆ ಮೇಲೆ ಕೆಳಗೆ ಆಡಿಸಿದಳು. ಕಣ್ಣಲ್ಲಿ ನೀರಿತ್ತು.

ಇವಳು ಬೆರಳು ಬಿಡಲಿಲ್ಲ. ಇನ್ನೊಂದು ಕೈ ಎತ್ತಿ, ನಿಧಾನವಾಗಿ, ನಾನು ಹೇಳಿಕೊಡದೆಯೇ, ಜೊಂಡಿನ ಒಂದು ಕಡೆಗೆ ತೋರಿಸಿದಳು. ನಾನು ಕೊರಳಲ್ಲಿದ್ದ ದುರ್ಬೀನು ಎತ್ತಿದೆ. ಇಷ್ಟು ವರ್ಷ ನಾನು ದನಿ ಬಂದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಚೆನ್ನಾಗಿ ಕೇಳಲಿ ಎಂದು. ಈಗ ಮುಚ್ಚಿ ಪ್ರಯೋಜನವಿಲ್ಲ. ಅವಳ ಬೆರಳಿನ ತುದಿಯಿಂದ ಗೆರೆ ಎಳೆದ ಹಾಗೆ ನೋಡುತ್ತಾ ಹೋದೆ. ಮುರಿದ ಒಂದು ಜೊಂಡು. ಅದರ ಬುಡದ ಹತ್ತಿರ ಒಣಹುಲ್ಲಿನ ಬಣ್ಣದ್ದು ಏನೋ ಇತ್ತು, ಹುಲ್ಲೇ ಎಂದುಕೊಂಡೆ. ಹುಲ್ಲು ತಲೆ ತಿರುಗಿಸಿತು.

ಇಷ್ಟು ಪುಟ್ಟದು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ನೋಡಲು ಏನೇನೂ ಚೆಂದವಿಲ್ಲ. ಕೊಕ್ಕು ಅಗಲವಾಗಿ ತೆರೆದಿತ್ತು, ಗಂಟಲು ನಡುಗುತ್ತಿತ್ತು, ತಲೆಯನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸುತ್ತಾ ಮೈಯೆಲ್ಲ ದನಿಯಾಗಿ ಹಾಡುತ್ತಿತ್ತು. ನನಗೆ ಒಂದು ಚೂರೂ ಕೇಳಲಿಲ್ಲ. ಅವಳ ಬೆರಳು ಎಷ್ಟು ಹೊತ್ತು ಒತ್ತಿತ್ತೋ ಅಷ್ಟು ಹೊತ್ತು ಆ ಕೊಕ್ಕು ತೆರೆದೇ ಇತ್ತು. ಕೊಕ್ಕು ಮುಚ್ಚಿತು, ಬೆರಳು ಬಿಟ್ಟಿತು.

ಮೇಷ್ಟ್ರಿಗೆ ಹೇಳೋಣ ಎನ್ನಿಸಿತು.

ಅಧಿಕಾರಿ ದಿಬ್ಬದ ಮೇಲೆಯೇ ಕೂತು ಕಾಗದ ಬರೆದಳು. ಹಕ್ಕಿ ಇದೆ, ಜೌಗಿಗೆ ಮಣ್ಣು ಹಾಕುವಂತಿಲ್ಲ. ಮೊದಲು ಗುರುತಿಸಿದವರ ಹೆಸರು ಏನೆಂದು ಹಾಕಲಿ ಎಂದು ನನ್ನ ಕಡೆ ನೋಡಿದಳು. ನಾನು ಇವಳ ಕಡೆ ನೋಡಿದೆ. ಇವಳು ಹೆಸರು ಹೇಳುವಾಗ ನಾಚಿಕೊಂಡಳು. ಮದುವೆಯ ದಿನದ ನಂತರ ಇವಳು ನಾಚಿದ್ದನ್ನು ನಾನು ಕಂಡಿರಲಿಲ್ಲ.

ಹಳಿಯಾಚೆಯ ಹೊಂಡದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಬರುವಾಗ ಆ ಕಡೆಯ ದಾರಿಯಲ್ಲೇ ಬಂದೆವು. ಲಾರಿಗಳ ನಡುವೆ ಸ್ವಲ್ಪ ಹೊತ್ತು ನಿಂತೆ. ಇವಳು ಬೇಗ ಬನ್ನಿ ಎನ್ನಲಿಲ್ಲ.

ಮೇ ೩, ಶುಕ್ರವಾರ

ಕಿವಿ ಡಾಕ್ಟರು ನೋಡಿದರು. ಮಗ್ಗದ ಗದ್ದಲ ತಿಂದದ್ದು ತಿಂದಿತು, ಕೀರಲು ದನಿಗಳೇ ಮೊದಲು ಹೋಗುವುದು, ಹೋದ ಎಳೆಗಳು ಮತ್ತೆ ಕೂಡುವುದಿಲ್ಲ ಎಂದರು. ಉಳಿದದ್ದೂ ಸ್ವಲ್ಪ ಸ್ವಲ್ಪವಾಗಿ ಹೋಗಬಹುದಂತೆ, ಹೋಗದೆಯೂ ಇರಬಹುದಂತೆ. ಯಾವಾಗ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಇವಳು ಕೇಳಿದಳು. ಅವರು ಹೇಳಿದ್ದನ್ನು ಅವರ ತುಟಿಯಲ್ಲಿ ಓದಲಿಲ್ಲ, ಗೋಡೆ ನೋಡಿದೆ.

ಸಂಜೆ ಇಬ್ಬರೂ ಜೌಗಿಗೆ ಹೋಗಿ ಬಂದೆವು. ಎರಡು ಸಲ ಒತ್ತಿದಳು.

ಇದನ್ನು ಬರೆಯುತ್ತಿರುವಾಗ ಅವಳು ಹಿಂದಿನಿಂದ ಬಂದು ಮತ್ತೆ ಮಣಿಕಟ್ಟು ಒತ್ತಿದಳು. ಗಾಬರಿಯಿಂದ ಕಿಟಕಿಯ ಕಡೆ ನೋಡಿದೆ. ಅಲ್ಲಲ್ಲ ಎಂದು ತಲೆಯಾಡಿಸಿ ಅಡುಗೆಮನೆಯ ಕಡೆ ತೋರಿಸಿದಳು.

ಫ್ರಿಜ್ಜಿನ ಬಾಗಿಲು. ಅವಳ ಬೆರಳಿನ ಸಮೇತ ಹೋಗಿ ಹಾಕಿದೆ. ಅವಳು ಬೆರಳು ಬಿಟ್ಟಳು.